ಕಟ್ಟಿಗೆ ಬೆಂಕಿಯಲ್ಲಿ ಬೆಂದ ಭರಣಿಯಲ್ಲಿ ತರಕಾರಿ ಹುಳಿ ಬರಿಸಬಹುದಾ?

ಕೈಯಲ್ಲಿ ಮಾಡಿ, ಕಟ್ಟಿಗೆ ಭಟ್ಟಿಯಲ್ಲಿ ಬೇಯಿಸಿದ ಭರಣಿ ತಂದಿದ್ದೀರಿ. ಒಳಗೆ ಹೊಳಪಿಲ್ಲ, ಬರೀ ಮಣ್ಣಿನ ಬಣ್ಣ. ಇದರಲ್ಲಿ ಎಲೆಕೋಸಿಗೆ ಉಪ್ಪು ಹಾಕಿ ಹುಳಿ ಬರಿಸಿದರೆ ಸೋರುತ್ತಾ ಅಂತ ಕೇಳಿದ್ದೀರಿ. ಸೋರಲೂಬಹುದು, ಸೋರದೇ ಇರಲೂಬಹುದು. ಮೊದಲು ಒಂದು ದಿನ ಬರೀ ನೀರು ತುಂಬಿಸಿ ನೋಡಿ. ನಾನು ನೋಡಲಿಲ್ಲ, ಅದಕ್ಕೇ ಹೇಳ್ತಿದ್ದೇನೆ.

ನನ್ನ ಮೊದಲ ಭರಣಿ ನೋಡೋಕೆ ಬಹಳ ಚೆಂದ ಇತ್ತು. ಒಂದು ಮಗ್ಗುಲಲ್ಲಿ ಬೂದಿ ಕರಗಿ ಹಸಿರು ಹನಿಯಾಗಿ ಇಳಿದಿತ್ತು, ಇನ್ನೊಂದು ಮಗ್ಗುಲು ಕೆಂಪು ಮಿಶ್ರಿತ ಕಿತ್ತಳೆ. ತಂದ ದಿನವೇ ಕೋಸು ತುಂಬಿಬಿಟ್ಟೆ. ನಾಲ್ಕನೇ ದಿನ ಎತ್ತಿ ನೋಡಿದರೆ ತಳದಲ್ಲಿ ಒದ್ದೆ ಉಂಗುರ. ವಾರ ಕಳೆಯುವಷ್ಟರಲ್ಲಿ ಹೊರಮೈ ತುಂಬ ಬಿಳಿ ಪುಡಿ ಎದ್ದಿತ್ತು. ಬೆರಳಲ್ಲಿ ಉಜ್ಜಿ ನಾಲಿಗೆಗೆ ಇಟ್ಟರೆ ಉಪ್ಪು! ಒಳಗೆ ನೀರು ಇಳಿದು, ಮೇಲಿನ ಕೋಸಿಗೆ ಗಾಳಿ ತಗುಲಿ ಬೂಷ್ಟು ಹಿಡಿದಿತ್ತು. ಎಲ್ಲ ಕಸಕ್ಕೆ ಹೋಯಿತು.

ಮಾಡಿದವರ ಕೈ ಕೆಟ್ಟದ್ದು ಅಂತಲ್ಲ. ಕಟ್ಟಿಗೆ ಭಟ್ಟಿಯಲ್ಲಿ ಶಾಖ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಲೆಬಾಯಿಯ ಹತ್ತಿರ ಕೂತ ಪಾತ್ರೆಗೆ ಬೆಂಕಿಯೂ ಜಾಸ್ತಿ, ಬೂದಿಯೂ ಜಾಸ್ತಿ. ಮೂಲೆಯಲ್ಲಿ ಕೂತದ್ದು ಅರೆಬೆಂದಿರಬಹುದು. ಸ್ಟೋನ್‌ವೇರ್, ಅಂದರೆ ಕಲ್ಲಿನಷ್ಟು ಗಟ್ಟಿಯಾಗಿ ಬೇಯುವ ಮಣ್ಣು, 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಕಂಡಾಗ ಅದರ ಕಣಗಳು ಬೆಸೆದುಕೊಂಡು ರಂಧ್ರ ಮುಚ್ಚಿಕೊಳ್ಳುತ್ತವೆ. ಸಾಮಾನ್ಯ ಮಡಕೆ ಮಣ್ಣು ಬೇಯುವುದು ಅದಕ್ಕಿಂತ ಎಷ್ಟೋ ಕಡಿಮೆ ಶಾಖದಲ್ಲಿ. ಹಾಗಾಗಿ ಅದು ನೀರು ಕುಡಿಯುತ್ತದೆ. ಇನ್ನೊಂದು ವಿಷಯ. ಹಾರಿ ಬಂದ ಬೂದಿ ಹೊರಗಡೆ ಕರಗಿ ಗಾಜಿನ ಹಾಗೆ ಹರಡುತ್ತದೆ ನಿಜ, ಆದರೆ ಆಳವಾದ ಭರಣಿಯ ಒಳಗೆ ಅದು ಅಷ್ಟಾಗಿ ಇಳಿಯುವುದಿಲ್ಲ. ಮುಚ್ಚಳ ಇಟ್ಟೇ ಬೇಯಿಸಿದ್ದರಂತೂ ಕೇಳಲೇಬೇಡಿ. ಅಂದರೆ ಹೊರಗಿನ ಮೆರುಗು ನೋಡಿ ಒಳಗಿನದನ್ನು ನಂಬುವ ಹಾಗಿಲ್ಲ.

ಪರೀಕ್ಷೆ ಸುಲಭ. ಒಣ ಭರಣಿಯನ್ನು ತೂಕ ಮಾಡಿ. ನೀರು ತುಂಬಿಸಿ, ಅಡಿಗೆ ಕಾಗದ ಹಾಸಿ 24 ಗಂಟೆ ಬಿಡಿ. ಕಾಗದ ಒದ್ದೆಯಾಯಿತಾ, ಅಲ್ಲಿಗೆ ಮುಗಿಯಿತು. ಒಣಗೇ ಇದ್ದರೆ ನೀರು ಚೆಲ್ಲಿ, ಒರೆಸಿ, ಮತ್ತೆ ತೂಗಿ. 3 ಕೆ.ಜಿ. ಭರಣಿ 30 ಗ್ರಾಂ ಏರಿದ್ದರೆ ಅದು ಶೇ. 1. ಅಷ್ಟರೊಳಗೆ ಇದ್ದರೆ ನಾನು ಧೈರ್ಯವಾಗಿ ಬಳಸುತ್ತೇನೆ, ಶೇ. 3 ದಾಟಿದರೆ ಬೇಡ ಅಂತೀನಿ. ಬೆರಳ ಗೆಣ್ಣಿನಿಂದ ತಟ್ಟಿಯೂ ನೋಡಿ. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತದೆ, ಬಿರುಕು ಇದ್ದರೆ ದಬ್ ಅನ್ನುತ್ತದೆ.

ಸೋರುವುದಕ್ಕಿಂತ ನನಗೆ ಹೆಚ್ಚು ಭಯ ಸೀಸದ್ದು. ಕೋಸು ಹುಳಿಯಾದಾಗ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 3.5ರ ಆಸುಪಾಸಿಗೆ ಇಳಿಯುತ್ತದೆ. ಮೆರುಗಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ (ಎರಡೂ ವಿಷದ ಲೋಹಗಳೇ) ಇದ್ದರೆ ವಾರಗಟ್ಟಲೆ ನಿಂತ ಆ ಹುಳಿ ಅದನ್ನು ಹೊರಗೆಳೆಯುತ್ತದೆ. ನಿಮ್ಮದರಲ್ಲಿ ಒಳಗೆ ಮೆರುಗೇ ಇಲ್ಲ ಅಂದರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಆದರೂ ಮಾಡಿದವರನ್ನು ನೇರವಾಗಿ ಕೇಳಿ: ಒಳಗೆ ಏನಾದರೂ ಬಳಿದಿದ್ದೀರಾ, ಎಷ್ಟು ಡಿಗ್ರಿಗೆ ಬೇಯಿಸಿದ್ದೀರಿ? 'ಅಲಂಕಾರಕ್ಕೆ ಅಷ್ಟೇ' ಅಂದರೆ ಸುಮ್ನೆ ಅಲಂಕಾರಕ್ಕೇ ಇಟ್ಟುಕೊಳ್ಳಿ.

ಪರೀಕ್ಷೆ ಗೆದ್ದರೆ ಉಳಿದದ್ದು ಸುಲಭ. ಕಿಲೋ ಕೋಸಿಗೆ 20ರಿಂದ 25 ಗ್ರಾಂ ಉಪ್ಪು. ಐದರಲ್ಲಿ ಒಂದು ಪಾಲು ಜಾಗ ಖಾಲಿ ಬಿಡಿ, ಕೋಸು ನೀರಿನಡಿ ಮುಳುಗಿರಲಿ. ಬಾಯಿಯ ಸುತ್ತ ನೀರು ನಿಲ್ಲುವ ಕಾಲುವೆ ಇರುವ ಭರಣಿಯಾದರೆ ಇನ್ನೂ ಒಳ್ಳೆಯದು. ಒಳಗಿನ ಗ್ಯಾಸು ಗುಳುಕ್ ಅಂತ ಹೊರಬೀಳುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಆ ಕಾಲುವೆಗೆ ನಾನು ಉಪ್ಪುನೀರನ್ನೇ ಹಾಕುತ್ತೇನೆ. ರಾತ್ರಿ ತಣ್ಣಗಾದಾಗ ಭರಣಿ ಅದನ್ನು ಒಂದಿಷ್ಟು ಒಳಗೆ ಎಳೆದುಕೊಳ್ಳುವುದುಂಟು. ಬರೀ ನೀರಾದರೆ ಮೇಲ್ಪದರದ ಉಪ್ಪು ತೆಳುವಾಗುತ್ತದಲ್ವಾ?

ತೊಳೆಯುವಾಗ ಸೋಪು ಬೇಡ, ಮೆರುಗಿಲ್ಲದ ಮಣ್ಣು ಅದರ ವಾಸನೆ ಹಿಡಿದುಕೊಳ್ಳುತ್ತದೆ. ತಣ್ಣನೆ ಭರಣಿಗೆ ಕುದಿಯುವ ನೀರನ್ನೂ ಸುರಿಯಬೇಡಿ, ಸೀಳು ಬಿಡುತ್ತದೆ. ಮೇಣ ಬಳಿದು ಸೋರುವುದನ್ನು ನಿಲ್ಲಿಸಬಹುದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಮಾಡಿ ನೋಡಿದೆ, ಎರಡನೇ ಸಲಕ್ಕೇ ಮೇಣ ಹಕ್ಕಳೆ ಎದ್ದಿತು. ಆ ಭರಣಿ ಈಗ ಒಲೆಯ ಪಕ್ಕ ಸೌಟುಗಳನ್ನು ಹೊತ್ತು ನಿಂತಿದೆ. ಹಸಿರು ಹನಿ ಇರುವ ಮಗ್ಗುಲನ್ನು ಈಚೆಗೆ ತಿರುಗಿಸಿಟ್ಟಿದ್ದೇನೆ.