ಪ್ರಶ್ನೋತ್ತರ: ‘ಅಪರ್ಟಿನೆನ್ಸಸ್’ ಅಂದರೆ ದಾರಿಯೂ ಬಂತೇ?

ಪ್ರಶ್ನೆ: ಅಣ್ಣತಮ್ಮಂದಿರಿಬ್ಬರು ಸೇರಿ 1 ಎಕರೆ 20 ಗುಂಟೆ ಅಡಿಕೆ ತೋಟ ಕೊಳ್ಳುತ್ತಿದ್ದೇವೆ. ಮಾರುವವರದು ಒಟ್ಟು 4 ಎಕರೆ; ನಮಗೆ ಬರುವುದು ಹಿಂದಿನ ಭಾಗ. ಊರ ರಸ್ತೆ ಮುಟ್ಟಬೇಕಾದರೆ ಅವರು ಉಳಿಸಿಕೊಳ್ಳುವ ಜಮೀನನ್ನೇ ಹಾಯಬೇಕು. ಇಂಗ್ಲಿಷ್ ಕರಡಿನಲ್ಲಿ ದಾರಿಯ ಮಾತೇ ಇಲ್ಲ. ಕೇಳಿದರೆ, ‘ಟುಗೆದರ್ ವಿತ್ ಆಲ್ ರೈಟ್ಸ್, ಈಸ್‌ಮೆಂಟ್ಸ್ ಅಂಡ್ ಅಪರ್ಟಿನೆನ್ಸಸ್’ ಎಂದಿದೆಯಲ್ಲ, ದಾರಿ, ಬೋರಿನ ನೀರು ಎಲ್ಲ ಅದರಲ್ಲೇ ಬಂತು ಅನ್ನುತ್ತಾರೆ. ಈ ಪದದ ಅರ್ಥವೇನು?
– ಚನ್ನಗಿರಿ ತಾಲ್ಲೂಕಿನ ಓದುಗರು

ಉತ್ತರ: ಅಪರ್ಟಿನೆನ್ಸ್ ಎಂದರೆ ಒಂದು ಸ್ವತ್ತಿಗೆ ಸೇರಿದ್ದು, ಆ ಸ್ವತ್ತು ಕೈ ಬದಲಿಸಿದರೆ ಅದರ ಹಿಂದೆಯೇ ಹೋಗುವಂಥದ್ದು. ಲ್ಯಾಟಿನ್ನಿನಲ್ಲಿ ‘ಸೇರಿರು, ಸಂಬಂಧಿಸಿರು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷ್ ಕಾನೂನಿಗೆ ಬಂದ ಪದ. ‘ಪರ್ಟಿನೆಂಟ್’ ಇದರ ದಾಯಾದಿ.

ಇಲ್ಲಿ ‘ಸೇರಿದ್ದು’ ಎಂದರೆ ಹಕ್ಕಿನಿಂದ ಸೇರಿದ್ದು, ಬದುವಿಗೆ ಬದು ಅಂಟಿಕೊಂಡದ್ದಲ್ಲ. ಕನ್ನಡ ಕರಡುಗಳಲ್ಲಿ ಇದನ್ನು ‘ಹೊಂದಿಕೊಂಡಿರುವ’ ಎಂದು ಬರೆದು ಕೆಡಿಸುವುದುಂಟು. ಹಾಗೆ ಬರೆದರೆ ಪಕ್ಕದ ಗುಂಟೆಗಳೂ ಮಾರಾಟವಾದವೇ ಎಂಬ ತಕರಾರಿಗೆ ಬಾಗಿಲು ತೆರೆದಂತೆ. ‘ಸದರಿ ಸ್ವತ್ತಿಗೆ ಸೇರಿದ ಹಕ್ಕು ಸಮೇತ’ ಎಂದರೆ ಸಾಕು, ಸರಿಯೂ ಹೌದು.

ನಿಮ್ಮ ತೊಡಕು ಬೇರೆ ಕಡೆ ಇದೆ. ಈ ಪದ ಈಗಾಗಲೇ ಇರುವ ಹಕ್ಕನ್ನು ಸಾಗಿಸುತ್ತದೆ. ಇಲ್ಲದ ಹಕ್ಕನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಮಾರುವವರು ಇಷ್ಟು ದಿನ ಓಡಾಡಿದ್ದು ತಮ್ಮದೇ ಜಮೀನಿನಲ್ಲಿ. ತನ್ನ ನೆಲದ ಮೇಲೆ ತನಗೇ ದಾರಿಹಕ್ಕು ಎಂಬುದು ಕಾನೂನಿನಲ್ಲಿಲ್ಲ, ಹಾಗಾಗಿ ಹಿಂದಿನ ತೋಟಕ್ಕೆ ‘ಸೇರಿದ’ ದಾರಿಯೂ ಇಲ್ಲ. ಇದೇ ದಾರಿ ಬೇರೊಬ್ಬರ ಹೊಲದ ಮೇಲೆ, ನ್ಯಾಯವಾಗಿ ದಕ್ಕಿದ್ದಾಗಿದ್ದರೆ ಲೆಕ್ಕ ತಿರುಗಾಮುರುಗಾ: ಆಗ ಪತ್ರದಲ್ಲಿ ಒಂದಕ್ಷರ ಬರೆಯದಿದ್ದರೂ, ಬಿಟ್ಟಿದ್ದೇವೆ ಎಂದು ಹೇಳದ ಹೊರತು, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಮಿನಂತೆ ಜಮೀನಿನ ಜೊತೆ ಬಂದೇಬರುತ್ತದೆ. ಮನೆ ಮಾರಿದರೆ ಬೀಗ, ಬೀಗದ ಕೈ, ಬಾಗಿಲು, ಕಿಟಕಿ ಎಲ್ಲ ಹೋಗುತ್ತವೆ ಎಂದು ಹೆಸರು ಹಿಡಿದು ಹೇಳುವ ಕಲಮು ಅದು.

ದಾರಿಯೇ ಇಲ್ಲದ ತುಂಡನ್ನು ಮಾರಿದಾಗ ಕಾನೂನು ಕೈಬಿಡುವುದಿಲ್ಲ, ನಿಜ. ಅದೇ ವರ್ಷದ ಈಸ್‌ಮೆಂಟ್ಸ್ (ಇನ್ನೊಬ್ಬರ ನೆಲದ ಮೇಲಿನ ಬಳಕೆಯ ಹಕ್ಕು) ಕಾಯ್ದೆಯ 13ನೇ ಕಲಮು ‘ಅನಿವಾರ್ಯತೆಯ ದಾರಿ’ ಕೊಡುತ್ತದೆ. ಅದು ಬಡ ಹಕ್ಕು. ಎಲ್ಲಿ ಹಾಯಬೇಕೆಂದು ಗೆರೆ ಹಾಕುವವರು ಮಾರಿದವರು (ತಕ್ಕಮಟ್ಟಿಗೆ ಅನುಕೂಲವಾಗಿರಬೇಕು, ಅಷ್ಟೆ). ನಾಳೆ ಹಿಂದುಗಡೆ ಇನ್ನೊಂದು ರಸ್ತೆಯಾಗಿ ಅನಿವಾರ್ಯತೆ ತೀರಿದರೆ ಹಕ್ಕೂ ತೀರುತ್ತದೆ. ‘ಕಣ್ಣಿಗೆ ಕಾಣುವಂತೆ ಮೊದಲಿಂದ ಬಂಡಿಜಾಡು ಇತ್ತಲ್ಲ’ ಎಂಬ ವಾದ ನಿಲ್ಲುವುದೂ ಕಷ್ಟ: ಅದಕ್ಕೆ ಹಕ್ಕು ‘ನಿರಂತರ’ ಆಗಿರಬೇಕು, ಮನುಷ್ಯ ನಡೆದರೆ ಮಾತ್ರ ಬಳಕೆಯಾಗುವ ದಾರಿಯನ್ನು ಕಾಯ್ದೆ ನಿರಂತರದ ಸಾಲಿಗೆ ಸೇರಿಸಿಲ್ಲ.

ಆದ್ದರಿಂದ ದಾರಿಯನ್ನು ಬಿಡಿಸಿ ಬರೆಸಿ. ಮಾದರಿ: ‘ಷೆಡ್ಯೂಲ್ ಸ್ವತ್ತಿನ ಉತ್ತರದ ಬದುವಿನಿಂದ ಊರ ರಸ್ತೆಯವರೆಗೆ, ಮಾರಾಟಗಾರರ ಉಳಿಕೆ ಜಮೀನಿನ ಪೂರ್ವದ ಬದುವಿನ ಗುಂಟ, 12 ಅಡಿ ಅಗಲದಲ್ಲಿ ಜನ, ದನ, ಬಂಡಿ, ಟ್ರ್ಯಾಕ್ಟರ್ ಓಡಾಡುವ ಹಕ್ಕು ಕೊಳ್ಳುವವರಿಗೂ ಅವರ ವಾರಸುದಾರರಿಗೂ ಮುಂದೆ ಕೊಳ್ಳುವವರಿಗೂ ಶಾಶ್ವತವಾಗಿ ಇರುತ್ತದೆ.’ ‘ಟ್ರ್ಯಾಕ್ಟರ್’ ಎಂಬ ಪದ ಬಿಡಬೇಡಿ. ಗೋಡು (ತೋಟಕ್ಕೆ ಹೊಸ ಮಣ್ಣು) ಹೊಡೆಸುವ ದಿನ ಅದರ ಬೆಲೆ ತಿಳಿಯುತ್ತದೆ. ಮಾರುವವರು ಹಿಂದೆಮುಂದೆ ನೋಡುವುದೂ ಸಹಜವೇ: 12 ಅಡಿ ಅಗಲ, 330 ಅಡಿ ಉದ್ದವೆಂದರೆ 3,960 ಚದರಡಿ, ಅಂದರೆ ಮೂರೂವರೆ ಗುಂಟೆಗೂ ಮೇಲು. ಆ ಲೆಕ್ಕ ದರ ಕುದುರಿಸುವಾಗಲೇ ಆಗಿಬಿಡಲಿ.

ಎಲ್ಲರೂ ಮರೆಯುವ ಮಾತೊಂದಿದೆ. ದಾರಿ ಹಾಯುವ ಜಮೀನಿನ ಸರ್ವೆ, ಹಿಸ್ಸಾ ನಂಬರನ್ನೂ ‘ಬಿ’ ಷೆಡ್ಯೂಲ್ ಎಂದು ಬರೆಸಿ. ಇಲ್ಲವಾದರೆ ಆ ಜಮೀನನ್ನು ನಾಳೆ ಕೊಳ್ಳುವವರು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದಾಗ ನಿಮ್ಮ ಹಕ್ಕು ಕಣ್ಣಿಗೆ ಬೀಳುವುದಿಲ್ಲ, ಬೇಲಿ ಬೀಳುತ್ತದೆ. ಹೇಗೂ ಭಾಗ ಮಾರಾಟಕ್ಕೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಆಗಲೇಬೇಕು. ದಾರಿಯ ಗೆರೆಯನ್ನು ಒಂದು ಕೈನಕ್ಷೆಯಲ್ಲಿ ಅಳತೆ ಸಮೇತ ತೋರಿಸಿ ಪತ್ರಕ್ಕೆ ಲಗತ್ತಿಸಿ. ಅದಕ್ಕೂ ಮೊದಲು ಗ್ರಾಮನಕ್ಷೆ ನೋಡಿ: ‘ನಕಾಶೆ ಕಂಡ ದಾರಿ’ ಅಲ್ಲೇ ಹಾಯ್ದಿದ್ದರೆ ಈ ಪೇಚಾಟವೇ ಬೇಡ.

ಬೋರು ಉಳಿಕೆ ಜಮೀನಿನಲ್ಲಿದ್ದರೆ ನೀರಿಗೂ ಇದೇ ಮಾತು. ವಾರದಲ್ಲಿ ಯಾವ ದಿನ, ಎಷ್ಟು ತಾಸು, ಮೋಟಾರು ಸುಟ್ಟರೆ ಯಾರು ಎಷ್ಟು ಹಾಕಬೇಕು, ಪೈಪು ಎಲ್ಲಿ ಹಾಯುತ್ತದೆ, ಬೋರು ಬತ್ತಿದರೆ ಮುಂದೇನು – ಇಷ್ಟನ್ನೂ ಬರೆಸಿ. ನಿಮ್ಮ ಭಾಗದಲ್ಲೇ ಇದ್ದರೆ ಮೋಟಾರಿನ ಎಚ್.ಪಿ., ಪ್ಯಾನೆಲ್ ಬೋರ್ಡು, ಆರ್.ಆರ್. ನಂಬರು (ವಿದ್ಯುತ್ ಸಂಪರ್ಕದ ಸಂಖ್ಯೆ) ಹಾಕಿಸಿ, ಬೆಸ್ಕಾಂನಲ್ಲಿ ಹೆಸರು ಬದಲಾವಣೆಗೆ ಬೇರೆಯೇ ಅರ್ಜಿ ಕೊಡಬೇಕು.

ಪ್ರಶ್ನೆ: ಅಜ್ಜನ ಕಾಲದ ಕ್ರಯಪತ್ರದಲ್ಲಿ ‘ಜಲ ತರು ಪಾಷಾಣ ನಿಧಿ ನಿಕ್ಷೇಪಾದಿ ಅಷ್ಟಭೋಗ ತೇಜಸ್ವಾಮ್ಯ ಸಹಿತ’ ಎಂದಿದೆ. ಇದೂ ಅಪರ್ಟಿನೆನ್ಸೇ?
– ಚಿತ್ರದುರ್ಗದ ಓದುಗರು

ಉತ್ತರ: ಕೆಲಸ ಅದೇ, ವಯಸ್ಸು ಬೇರೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಾಲು ಇದು. ಎಂಟು ಭೋಗಗಳೆಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಈಗಾಗಲೇ ಇರುವ ಉತ್ಪನ್ನ ಸಿದ್ಧ, ಮುಂದೆ ದುಡಿದು ತೆಗೆಯಬಹುದಾದ್ದು ಸಾಧ್ಯ, ಮುಂದೆ ತಾನಾಗಿ ಒದಗುವ ಲಾಭ ಆಗಾಮಿ. ಪಟ್ಟಿಯಲ್ಲಿ ‘ತರು’ ಇಲ್ಲ. ಮರದ ಮೇಲೆ ಕಣ್ಣಿಟ್ಟು ಪತ್ರ ಬರಹಗಾರರು ಸೇರಿಸಿಕೊಂಡಿರಬೇಕು. ಇಂಗ್ಲಿಷ್ ಪದ ಒಂದೇ ಮೂಟೆಯಲ್ಲಿ ಕಟ್ಟಿದ್ದನ್ನು ನಮ್ಮವರು ಬಿಚ್ಚಿ ಎಣಿಸಿದ್ದಾರೆ. ಒಂದು ಎಚ್ಚರಿಕೆ: ಪತ್ರದಲ್ಲಿ ‘ನಿಧಿ’ ಇದೆಯೆಂದು ಅಗೆದಾಗ ಸಿಕ್ಕ ಹೊನ್ನು ನಿಮ್ಮದಾಗದು, ಸರ್ಕಾರಕ್ಕೆ ತಿಳಿಸಲೇಬೇಕು. ಇನ್ನು ಪಕ್ಕದ ಹೊಲದ ದಾರಿಯ ಸುದ್ದಿ ಈ ಎಂಟರಲ್ಲೂ ಇಲ್ಲ.

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಪುಸ್ತಕದಲ್ಲಿ ‘ಸೀವರ್ ಅಪರ್ಟಿನೆನ್ಸಸ್’ ಎಂಬ ಪಾಠವಿದೆ. ಅಲ್ಲಿ ಯಾವ ಹಕ್ಕು?
– ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಅಲ್ಲಿ ಹಕ್ಕಲ್ಲ, ವಸ್ತು. ಮ್ಯಾನ್‌ಹೋಲ್, ಡ್ರಾಪ್ ಮ್ಯಾನ್‌ಹೋಲ್, ಕ್ಯಾಚ್ ಬೇಸಿನ್, ಇನ್ವರ್ಟೆಡ್ ಸೈಫನ್: ಕೊಳವೆಯಲ್ಲ, ಆದರೆ ಇವಿಲ್ಲದೆ ಒಳಚರಂಡಿ ಮಾರ್ಗ ಕೆಲಸ ಮಾಡದು. ಬರೆಯುವಾಗ ಎರಡು ‘ಪಿ’, ಆಮೇಲೆ ‘ಯು’. ‘ಅಪರ್ಟೇನ್’ ಎಂಬ ಕ್ರಿಯಾಪದದ ನೆನಪಲ್ಲಿ ‘ಇ’ ಹಾಕುವುದು ಸಾಮಾನ್ಯ ತಪ್ಪು. ವಿಶೇಷಣ ‘ಅಪರ್ಟಿನೆಂಟ್’, ಅದರ ಮುಂದೆ ‘ಟು’ ಬರಬೇಕು, ‘ವಿತ್’ ಅಲ್ಲ. ಮಿಕ್ಸಿಯ ಜಾರಿಗೆ ಈ ಪದ ಬಳಸಬೇಡಿ, ‘ಆಕ್ಸೆಸರಿ’ ಇದೆಯಲ್ಲ.