ಪೂಜೆಗೆ ಕೂತಾಗ ದೇವರ ಬಗ್ಗೆ ಕೆಟ್ಟ ಯೋಚನೆ ಬರುತ್ತವೆ. ದೇವರು ನನ್ನನ್ನು ಒಪ್ಪುತ್ತಾನಾ?

ಒಪ್ಪುತ್ತಾನೆ ಅಂತಲೇ ನನ್ನ ನಂಬಿಕೆ. ಆದರೆ ಈ ಉತ್ತರ ನಿಮಗೆ ಹತ್ತು ನಿಮಿಷವೂ ಸಾಕಾಗುವುದಿಲ್ಲ. ಅದಕ್ಕೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ದೀಪ ಹಚ್ಚಿದ ತಕ್ಷಣ ಮೂರ್ತಿಯ ಬಗ್ಗೆ ಹೊಲಸು ಚಿತ್ರಗಳು ಬರುತ್ತವೆ, ತಡೆದಷ್ಟೂ ಜಾಸ್ತಿಯಾಗುತ್ತವೆ, ಕೆನ್ನೆ ಬಡಿದುಕೊಂಡು ತಪ್ಪಾಯ್ತು ಅಂದರೂ ಸಮಾಧಾನವಿಲ್ಲ ಅಂದಿದ್ದೀರಿ. ನನಗೂ ಇದೇ ಇತ್ತು. ವಿಷ್ಣು ಸಹಸ್ರನಾಮದ ಮಧ್ಯೆ ಒಂದು ಕೆಟ್ಟ ಮಾತು ತಲೆಗೆ ಬಂದರೆ ಮತ್ತೆ ಮೊದಲಿಂದ ಶುರು. ಅರ್ಧ ಗಂಟೆಯ ಪಾರಾಯಣ ಮಧ್ಯಾಹ್ನದವರೆಗೂ ಎಳೆಯುತ್ತಿತ್ತು. ಮನೆಯವರು ಭಕ್ತಿ ಜಾಸ್ತಿಯಾಯ್ತು ಅಂದುಕೊಂಡಿದ್ದರು! ಮನೋವೈದ್ಯರು ಓಸಿಡಿ ಅಂದರು, ಅಂದರೆ ಗೀಳು ಕಾಯಿಲೆ. ನಿಮ್ಮದೂ ಅದೇನಾ ಅಂತ ವೈದ್ಯರೇ ನೋಡಿ ಹೇಳಬೇಕು.

ಮದ್ದು ಕುಡಿಯುವಾಗ ಮಂಗನ ನೆನೆಯಬಾರದು ಅಂತಾರಲ್ಲ, ಹಾಗೆಯೇ ಇದು. ಬೇಡ ಅಂದಷ್ಟೂ ಮಂಗ ಬರುತ್ತದೆ. ಇಂಥ ಬೇಡದ ಯೋಚನೆಗಳು ಕಾಯಿಲೆ ಇಲ್ಲದವರಿಗೂ ಬರುತ್ತವೆ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು ಸಾಮಾನ್ಯ ಜನರನ್ನೇ ಕೇಳಿ ನೋಡಿದಾಗ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ನಮಗೂ ಬರುತ್ತವೆ ಅಂದಿದ್ದರು. ಅವರು ಛೀ ಅಂದು ಮುಂದೆ ಹೋಗುತ್ತಾರೆ. ನಾವು ಅಲ್ಲೇ ಕೂತು ವಿಚಾರಣೆ ಶುರು ಮಾಡುತ್ತೇವೆ. ಯಾವುದು ನಮಗೆ ತೀರಾ ಮುಖ್ಯವೋ ಈ ಕಾಯಿಲೆ ಅದನ್ನೇ ಹಿಡಿಯುತ್ತದೆ. ದೇವರೆಂದರೆ ಲೆಕ್ಕಕ್ಕೇ ಇಲ್ಲದವನಿಗೆ ಈ ಕಾಟ ಯಾಕೆ ಬರುತ್ತದೆ ಹೇಳಿ?

ಶಿಶುಪಾಲ ಬೇಕಂತಲೇ ಕೃಷ್ಣನನ್ನು ಬೈದ, ತುಂಬಿದ ಸಭೆಯಲ್ಲಿ. ಆದರೂ ಅವನು ಸತ್ತಾಗ ಅವನೊಳಗಿನ ಬೆಳಕು ಕೃಷ್ಣನಲ್ಲೇ ಸೇರಿತು ಅನ್ನುತ್ತದೆ ಭಾಗವತ. (ದ್ವೇಷದಿಂದ ಮೋಕ್ಷ ಸಿಗುತ್ತದೆ ಅನ್ನುವುದನ್ನು ಮಾಧ್ವರು ಒಪ್ಪುವುದಿಲ್ಲ. ಆ ಜಗಳ ಇಲ್ಲಿ ಬೇಡ.) ನೀವು ಬೈಯುತ್ತಲೂ ಇಲ್ಲ, ತಾನಾಗಿ ಬಂದದ್ದಕ್ಕೆ ನಡುಗುತ್ತಿದ್ದೀರಿ, ಅಷ್ಟೇ.

ಕ್ರೈಸ್ತ ಪಾದ್ರಿಗಳ ಜೆಸುಯಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಕೂಡ ಇದರಲ್ಲಿ ಸಿಕ್ಕಿಕೊಂಡವರೇ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಪಾಪಗಳನ್ನೆಲ್ಲ ಗುರುಗಳ ಮುಂದೆ ಹೇಳಿಕೊಂಡ ಮೇಲೂ ಏನೋ ಬಿಟ್ಟುಹೋಯಿತು ಅನ್ನಿಸುತ್ತಿತ್ತು. ಮತ್ತೆ ಹೋಗಿ ಹೇಳುತ್ತಿದ್ದರು. ತೀರಾ ಸ್ಪಷ್ಟವಾಗಿದ್ದರೆ ಮಾತ್ರ ಹಳೆಯದನ್ನು ಹೇಳು ಅಂತ ಗುರುಗಳು ಅಪ್ಪಣೆ ಕೊಟ್ಟರು. ಇವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಪಾಪ, ಅಪ್ಪಣೆಯಿಂದ ಏನೂ ಉಪಯೋಗವಾಗಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ದೇವರು ಕ್ಷಮಿಸಿದನಾ ಅಂತ ಪದೇ ಪದೇ ಖಾತ್ರಿ ಮಾಡಿಕೊಳ್ಳುವುದು ಕೂಡ ಕಾಯಿಲೆಯ ಭಾಗವೇ. ಅರ್ಚಕರನ್ನು ಕೇಳುವುದು, ಅಮ್ಮನನ್ನು ಕೇಳುವುದು, ತಪ್ಪುಕಾಣಿಕೆ ಕಟ್ಟುವುದು, ಎಲ್ಲವೂ. ಸ್ವಲ್ಪ ಹೊತ್ತು ಹಗುರ ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಎಂಬ ಚಿಕಿತ್ಸೆಯಲ್ಲಿ ಇದನ್ನೇ ಬಿಡಿಸುತ್ತಾರೆ. ಯೋಚನೆ ಬರಲಿ, ನೀವು ಪೂಜೆ ಮುಂದುವರಿಸಿ. ಮೊದಲಿಂದ ಶುರು ಮಾಡುವಂತಿಲ್ಲ, ಕ್ಷಮೆ ಕೇಳುವಂತಿಲ್ಲ. ಶುರುವಿನಲ್ಲಿ ಹಿಂಸೆ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಮಾತ್ರೆಗಳೂ ಇವೆ. ಪೂರ್ತಿ ಪರಿಣಾಮ ಗೊತ್ತಾಗಲು 8ರಿಂದ 12 ವಾರ ಬೇಕಾಗುತ್ತದೆ, ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರ ಅನ್ನಿಸಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಹೊಲಸು ಯೋಚನೆ ಏನು ಅಂತ ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಕೈಗೆ ಕೊಡಿ. ಅವರು ಇಂಥದ್ದು ಬೇಕಾದಷ್ಟು ನೋಡಿರುತ್ತಾರೆ.

ಚಿಕಿತ್ಸೆಯ ಬಗ್ಗೆ, ಮನೆಯವರಿಗೆ ಹೇಗೆ ಹೇಳುವುದು ಅನ್ನುವ ಬಗ್ಗೆ ಎಷ್ಟು ಬೇಕಾದರೂ ಕೇಳಿ. ದೇವರು ಒಪ್ಪುತ್ತಾನಾ ಅಂತ ಇನ್ನೊಮ್ಮೆ ಕೇಳಿದರೆ ಮಾತ್ರ ನಾನು ಉತ್ತರ ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.