ಅಜ್ಜನ ಟ್ರಂಕಿನಲ್ಲಿ ತಂಜಾವೂರಿನ ದೇವಸ್ಥಾನದ ಚಿತ್ರ ಇರುವ ಹಳೇ ಸಾವಿರದ ನೋಟು ಸಿಕ್ಕಿದೆ, ಆನ್‌ಲೈನಿನಲ್ಲಿ ಲಕ್ಷಗಟ್ಟಲೆ ಕೊಡ್ತಾರಂತೆ. ದಾವಣಗೆರೆಯಲ್ಲಿ ಎಲ್ಲಿ ಮಾರಬಹುದು?

ತಂಜಾವೂರಿನ ದೇವಸ್ಥಾನದ ಚಿತ್ರ ಇದೆ ಅಂದಿದ್ದೀರಿ. ನಮ್ಮ ಮನೆಯಲ್ಲಿದ್ದದ್ದೂ ಅದೇ ನೋಟು, ಆಗ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಕೆ.ಆರ್. ಪುರಿಯವರ ಸಹಿ ಇದ್ದದ್ದು.

ನಮ್ಮಜ್ಜ ಮಂಡಿಪೇಟೆಯಲ್ಲಿ ಹತ್ತಿ ದಲ್ಲಾಳಿ. 1978ರ ಜನವರಿ 16ರಂದು ಮೊರಾರ್ಜಿ ದೇಸಾಯಿ ಸರ್ಕಾರ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ರದ್ದು ಮಾಡಿತು. ಬದಲಾಯಿಸಿಕೊಳ್ಳಲು ಕೊಟ್ಟದ್ದು ಕೆಲವೇ ದಿನ, ಅದೂ ದುಡ್ಡು ಎಲ್ಲಿಂದ ಬಂತು ಅಂತ ಬರೆದುಕೊಟ್ಟು. ಅಜ್ಜ ಕೈಯಲ್ಲಿದ್ದದ್ದನ್ನೆಲ್ಲ ಬ್ಯಾಂಕಿಗೆ ಕಟ್ಟಿದರು. ಖಾತೆ ಪುಸ್ತಕದ ನಡುವೆ ಒಂದು ಉಳಿದುಹೋಗಿತ್ತು, ಗಡುವು ಮುಗಿದ ಮೇಲೆ ಕಣ್ಣಿಗೆ ಬಿತ್ತು. ಎಸೆಯೋಕೆ ಮನಸ್ಸಾಗದೆ ಅಲ್ಲೇ ಬಿಟ್ಟರು. ಇವತ್ತು ಈ ನೋಟುಗಳು ಅಪರೂಪವಾಗಿರೋದೇ ಇದರಿಂದ: ಬಹುಪಾಲು ವಾಪಸ್ ಹೋದವು, ಉಳಿದದ್ದು ಹೀಗೆ ಮರೆತದ್ದು.

ಅಜ್ಜ ಹೋದ ಮೇಲೆ ಅದು ನನ್ನ ಕೈಗೆ ಬಂತು. ಹಾಳಾಗಬಾರದು ಅಂತ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ.

ಅಲ್ಲಿಗೆ ಮುಗಿಯಿತು. ಯಾಕೆ ಅಂತ ಬಿಡಿಸಿ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ. ಲ್ಯಾಮಿನೇಷನ್ ಹಾಳೆಯ ಒಳಮೈಗೆ ಅಂಟು ಇರುತ್ತೆ. ಬಿಸಿ ರೋಲರಿನಲ್ಲಿ ಅದು ಕರಗಿ ಕಾಗದದ ಎಳೆಯೊಳಗೆ ಇಳಿಯುತ್ತೆ. ಆಮೇಲೆ ಪ್ಲಾಸ್ಟಿಕ್ ಕಿತ್ತರೆ ಮಸಿಯೂ ಅದರ ಜೊತೆ ಬರುತ್ತೆ. ನೋಟು ಕೊಳ್ಳುವವರು ಬೆರಳಲ್ಲಿ ಕಾಗದದ ಗರಿಗರಿ ನೋಡ್ತಾರೆ, ಉಬ್ಬಿದ ಅಚ್ಚನ್ನು ಸವರಿ ನೋಡ್ತಾರೆ, ಮಡಿಕೆ ಎಷ್ಟಿದೆ, ಹರಿದದ್ದನ್ನು ಅಂಟಿಸಿದ್ದಾರಾ ಅಂತ ಅಂಚಿನುದ್ದಕ್ಕೂ ಹುಡುಕ್ತಾರೆ. ಪ್ಲಾಸ್ಟಿಕ್ಕಿನೊಳಗೆ ಇದ್ಯಾವುದೂ ಆಗೋದಿಲ್ಲ. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ವ್ಯಾಪಾರಿಯೊಬ್ಬರು ಅದನ್ನು ತಿರುಗಿಸಿ ನೋಡಿ, "ಮನೇಲೇ ಇಟ್ಕೊಳ್ಳಿ ಸರ್" ಅಂತ ಕೈಗೆ ಕೊಟ್ಟರು. ಬೆಲೆ ಮಾತೇ ಎತ್ತಲಿಲ್ಲ. ಅಜ್ಜ ಏನೂ ಮಾಡದೆ ಪುಸ್ತಕದಲ್ಲಿ ಇಟ್ಟಷ್ಟು ಕಾಲ ಅದು ಚೆನ್ನಾಗೇ ಇತ್ತು. ಕಾಳಜಿ ಅಂದುಕೊಂಡು ನಾನೇ ಕೆಡಿಸಿದೆ.

ಹಾಗಾಗಿ ಎಲ್ಲಿ ಮಾರೋದು ಅನ್ನೋ ಪ್ರಶ್ನೆಯನ್ನೇ ಈಗ ಬಿಡಿ. ಒರೆಸಬೇಡಿ, ಇಸ್ತ್ರಿ ಹಾಕಬೇಡಿ, ಸೆಲೋಟೇಪು, ಸ್ಟೇಪ್ಲರ್ ಪಿನ್ನು ಹತ್ತಿರ ಸುಳಿಯಬಾರದು. ಪಿವಿಸಿ ಕವರು ಕೂಡ ವರ್ಷಗಳು ಕಳೆದಂತೆ ಜಿಡ್ಡು ಬಿಡುತ್ತೆ, ಪಾಲಿಯೆಸ್ಟರ್ ಹಾಳೆಯ ಕವರೇ ಬೇಕು.

ಆಮೇಲೆ ಸಹಿ ನೋಡಿ. ಎನ್.ಸಿ. ಸೇನ್‌ಗುಪ್ತ ಅವರದ್ದಾದರೆ, ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದು 1975ರಲ್ಲಿ ಬರೀ ಮೂರು ತಿಂಗಳು. ಸಹಿ ಬೇರೆಯಾದರೆ ಬೆಲೆಯೂ ಬೇರೆ, ಆದರೆ ಎಲ್ಲಕ್ಕಿಂತ ಮೊದಲು ನೋಟಿನ ಸ್ಥಿತಿ. ನಿಜವಾಗಿ ಕೈಗೆ ಸಿಗದವು ಗೇಟ್‌ವೇ ಆಫ್ ಇಂಡಿಯಾ ಇರುವ ಐದು ಸಾವಿರ, ಮತ್ತು ಹತ್ತು ಸಾವಿರದ ನೋಟು. ಹತ್ತು ಸಾವಿರದ್ದು ಮೊದಲು ಬಂದದ್ದು 1938ರಲ್ಲಿ, 1946ರಲ್ಲಿ ರದ್ದಾಗಿ, 1954ರಲ್ಲಿ ಮತ್ತೆ ಬಂತು. ಟ್ರಂಕಿನ ತಳವನ್ನೂ ಒಮ್ಮೆ ನೋಡಿ.

ಗಾಂಧೀಜಿ ಇರುವ ಸಾವಿರದ ನೋಟುಗಳೂ ಸಿಕ್ಕರೆ ಅದು ಬೇರೆ ವಿಷಯ, 2016ರಲ್ಲಿ ರದ್ದಾದವು. 2017ರ ಕಾಯ್ದೆ ಪ್ರಕಾರ, ಹಾಗೆ ರದ್ದಾದ ಐನೂರು, ಸಾವಿರದ ನೋಟು ಎರಡೂ ಸೇರಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಗ್ರಹಕ್ಕಾದರೆ ಮಾತ್ರ ಇಪ್ಪತ್ತೈದರವರೆಗೆ.

ಇನ್ನು ನೀವು ನೋಡಿದ ಆ ಲಕ್ಷದ ಜಾಹೀರಾತು. ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಅಂತ ಮೊದಲೇ ದುಡ್ಡು ಕೇಳಿದರೆ ಅದು ಮೋಸವೇ. ಇಂಥವರಿಗೆ ತಾನು ಯಾವ ಅಧಿಕಾರವನ್ನೂ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಹೊರಡಿಸಿದೆ. ನಿಜವಾದ ಸಂಗ್ರಾಹಕ ನಿಮ್ಮಿಂದ ಒಂದು ರೂಪಾಯಿ ಕೇಳೋದಿಲ್ಲ, ನೋಟನ್ನು ಬೆಳಕಿಗೆ ಹಿಡಿದು ನೋಡಲು ಕೇಳ್ತಾನೆ. ಅಂಥವರು ಸಿಗೋದು ನಾಣ್ಯ-ನೋಟುಗಳ ಪ್ರದರ್ಶನಗಳಲ್ಲಿ. ಅಲ್ಲಿ ಎರಡು ಮೂರು ಮೇಜಿನಲ್ಲಿ ತೋರಿಸಿ, ಮೊದಲ ಬೆಲೆಗೇ ಒಪ್ಪಬೇಡಿ. ಅಲ್ಲಿಯವರೆಗೂ ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಂಡು, ನೋಟನ್ನು ಒಣ ಜಾಗದಲ್ಲಿ ಮಡಚದೆ ಇಡಿ.